ಅತ್ತೆಯವರ ಮಡಿ, ಹಸುವಿನ ಕೆಚ್ಚಲು

ಅತ್ತೆಯವರ ಮಡಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ? ಪುಣೆಯ ನಮ್ಮ ವಾಡೆಯ ಹಿತ್ತಲಲ್ಲಿ ಒಂದು ಕೆಂದು ಹಸು ಇತ್ತು. ಅದನ್ನು ಹಿಂಡುವ ಹಕ್ಕು ಅವರೊಬ್ಬರದೇ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಮಡಿಸೀರೆ ಉಟ್ಟು, ತುಳಸಿಕಟ್ಟೆಯ ಸುತ್ತ ಸೆಗಣಿ ಸಾರಿಸಿ, ಅದೇ ಕೈಗೆ ನಾಲ್ಕು ಹನಿ ನೀರು ಸೋಕಿಸಿ ಹಿಂಡಲು ಕೂರುತ್ತಿದ್ದರು. ನನ್ನ ಸೆರಗು ತಾಗಿದರೂ ಅವರಿಗೆ ಮತ್ತೆ ಸ್ನಾನ.

ಆ ವರ್ಷ ನನಗೆ ಮಗಳು ಹುಟ್ಟಿದ್ದಳು. ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಯಿತು. ಮೂರು ತಿಂಗಳ ಕೂಸು ಆ ಹಸುವಿನ ಹಾಲನ್ನೇ ನಂಬಿ ಬದುಕಬೇಕಿತ್ತು. ಮೊದಮೊದಲು ಚೆನ್ನಾಗಿಯೇ ಕುಡಿದಳು. ಆಮೇಲೆ ಕುಡಿದದ್ದನ್ನೆಲ್ಲ ಕಕ್ಕತೊಡಗಿದಳು, ಭೇದಿಯೂ ಹತ್ತಿಕೊಂಡಿತು. ಒಲೆಯ ಮೇಲೆ ಹಾಲು ಒಡೆಯುತ್ತಿತ್ತು. ಮಗುವಿನ ತೊಡೆಯ ಚರ್ಮ ಜೋಲುಬಿದ್ದಿತ್ತು.

"ದೃಷ್ಟಿ ತಾಗೇದ," ಎಂದು ಅತ್ತೆಯವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನ್ನ ಗಂಡ ಅವ್ವನ ಮುಂದೆ ಬಾಯಿ ಬಿಡದೆ ಶಿವಾಜಿನಗರದ ಕಚೇರಿಗೆ ನಡೆದರು. ನಾನೇ ಹೋಗಿ, ಓಣಿಯ ತುದಿಯಲ್ಲಿ ಎಮ್ಮೆ ಸಾಕಿದ್ದ ಮುದಿ ಗೌಳಗಿತ್ತಿಯನ್ನು ಕರೆತಂದೆ.

ಅವಳು ಕೆಚ್ಚಲು ಮುಟ್ಟಿ ನೋಡಿದಳು. ಒಂದು ಮಗ್ಗುಲು ಬಿಸಿಯಾಗಿ ಗಟ್ಟಿಯಾಗಿತ್ತು. ಆ ಮೊಲೆಯನ್ನು ತನ್ನ ಕಪ್ಪು ಸೆರಗಿನ ಮೇಲೆ ಹಿಂಡಿದಾಗ ಒಡೆದ ಮೊಸರಿನಂಥ ಚೂರುಗಳು ಬಿದ್ದವು. ಈ ಮೊಲೆಯ ಹಾಲನ್ನು ದಿನಕ್ಕೆ ನಾಲ್ಕಾರು ಸಲ ಬೇರೆ ಹಿಂಡಿ ಚೆಲ್ಲಬೇಕು, ಪಾತ್ರೆಗೆ ಸೇರಿಸಕೂಡದು ಎಂದಳು. ನಂತರ ಅತ್ತೆಯವರ ಉಗುರುಗಳತ್ತ ನೋಡಿ, "ಬಾಯೀ, ಆಧೀ ಹಾತ ಧುವಾ," ಎಂದಳು. ಮೊದಲು ಕೈ ತೊಳೆಯಿರಿ ಎಂದು.

ಅತ್ತೆಯವರ ಮುಖ ಕೆಂಪಾಯಿತು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿದರು. "ಗೋಮಯಾ ಮುಟ್ಟಿದ ಕೈ ಮೈಲಿಗಿ ಹೆಂಗ ಆಗ್ತದ?"

"ಮಡಿ ಇರಬಹುದು ಅತ್ಯಾ, ಸ್ವಚ್ಛ ಇಲ್ಲ. ನಿಮ್ಮ ಕೈಯಿಂದನ ನನ್ನ ಕೂಸು ಸಾಯ್ಲಿಕ್ಕತ್ತದ!"

ಅಂದೇಬಿಟ್ಟೆ. ಅವರು ಆ ದಿನ ಊಟವನ್ನೇ ಮಾಡಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನ್ನಿಸಿತು.

ಮರುದಿನ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ತುಳಸಿಕಟ್ಟೆ ಇನ್ನೂ ಸಾರಿಸಿರಲಿಲ್ಲ. ಅತ್ತೆಯವರು ಸೀಗೆಪುಡಿ ಹಚ್ಚಿ ಮೊಣಕೈವರೆಗೆ ಕೈ ತಿಕ್ಕಿಕೊಂಡಿದ್ದರು. ಬಿಸಿನೀರಿನಿಂದ ಕೆಚ್ಚಲು ತೊಳೆದು, ಒರೆಸಲು ತಮ್ಮದೊಂದು ಮಡಿಸೀರೆಯನ್ನೇ ಹರಿದಿದ್ದರು. ಒಂದು ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಪ್ರತಿ ಮೊಲೆಯ ಮೊದಲ ಧಾರೆ ಬಿಟ್ಟರು. ಬಗ್ಗಿ ನೋಡಿದರು. ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು ಮತ್ತೆ ನೋಡಿದರು.

"ಇಲ್ಲೆ ಬಾರವಾ. ಇದರಾಗ ಗಂಟ ಅದಾವೇನು ನೋಡು. ನನಗ ಕಾಣಸೂದಿಲ್ಲ." ಬಟ್ಟೆಯನ್ನು ನನ್ನತ್ತ ಚಾಚಿ, "ಭಾಳ ದಿವಸ ಆತು," ಎಂದರು.

ಇಷ್ಟು ದಿನ ಯಾರಿಗೂ ಹೇಳದೆ ಆ ಕಣ್ಣಿನಲ್ಲೇ ಮನೆ ನಡೆಸಿದ್ದರು.

"ನಂದಿನ್ನೂ ಜಳಕ ಆಗಿಲ್ರೀ ಅತ್ಯಾ."

"ಬಾ ಅಂದೆ." ನನ್ನ ಕೈ ಹಿಡಿದೆಳೆದು ಪಕ್ಕದಲ್ಲೇ ಕೂರಿಸಿಕೊಂಡರು. ಆಮೇಲೆ ಸ್ನಾನಕ್ಕೆ ಹೋಗಲೂ ಇಲ್ಲ.

ಅಂದಿನಿಂದ ಅವರು ತೊಳೆದು ಒರೆಸುವುದು, ನಾನು ನೋಡಿ ಹಿಂಡುವುದು. ಮೂರು ಮೊಲೆಯ ಹಾಲು ಪಾತ್ರೆಗೆ, ನಾಲ್ಕನೆಯದು ಮಣ್ಣಿಗೆ. ಮೂರನೆಯ ದಿನ ಅತ್ತೆಯವರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಾಯಿಸಿದ ಹಾಲನ್ನು ಒಳಲೆಯಲ್ಲಿ ಕುಡಿಸಿದರು. ಈಗ ಕಕ್ಕುತ್ತಾಳೆ, ಇನ್ನೇನು ಕಕ್ಕುತ್ತಾಳೆ ಎಂದು ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕಕ್ಕಲಿಲ್ಲ. ಅಜ್ಜಿಯ ಮಡಿಸೀರೆಯೆಲ್ಲ ತೊಯ್ಯುವಂತೆ ಉಚ್ಚೆ ಹೊಯ್ದಳು. ನಾನು ಗಾಬರಿಯಿಂದ ಎತ್ತಿಕೊಳ್ಳಲು ಹೋದೆ. ಅತ್ತೆಯವರು ಕಣ್ಣೊರೆಸಿಕೊಳ್ಳುತ್ತ ನನ್ನ ಕೈ ಸರಿಸಿದರು.

"ಇರ್ಲಿ ಬಿಡು. ಹೊಯ್ಯಲಿ."