ಭಾನುವಾರ ಅಳೆದ ನೆಟ್‌ವರ್ಕ್

ಬೊಮ್ಮಸಂದ್ರದ ನಮ್ಮ ವಠಾರದ ಎರಡೂ ಬದಿಗೆ ತಗಡಿನ ಗೋದಾಮುಗಳಿವೆ. ಎಂ.ಎ. ಮುಗಿಸಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಅನುವಾದದ ಕೆಲಸ ಹಿಡಿದು ನಾನು ಅಲ್ಲಿ ಕೋಣೆ ಮಾಡಿದಾಗ, ಮನೆಯೊಡತಿ ಬಾಡಿಗೆ, ನೀರು, ಕಸದ ವಿಷಯಗಳನ್ನೆಲ್ಲ ಹೇಳಿ ಮುಗಿಸಿ, ಅಷ್ಟೇನೂ ಮುಖ್ಯವಲ್ಲವೆಂಬ ಧಾಟಿಯಲ್ಲಿ ಕೊನೆಗೊಂದು ಮಾತು ಸೇರಿಸಿದ್ದರು: "ಕೆಳಗಡೆ ರೂಮ್‌ನಾಗೆ ಟವರ್ ಸಿಗಾಕಿಲ್ಲ ಕಣಮ್ಮ. ಮಾತಾಡ್ಬೇಕಂದ್ರೆ ತಾರಸಿ ಮ್ಯಾಕೆ ಓಗು."

ಹಾಗಾಗಿ ನಮ್ಮಲ್ಲಿ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯದೆ ಉಳಿಯುತ್ತಿರಲಿಲ್ಲ. ಜಗಳ, ಸೀಮಂತ, ಮೇಸ್ತ್ರಿಯ ಬೈಗುಳ ಎಲ್ಲವನ್ನೂ ಬಟ್ಟೆ ಒಣಗುವ ತಂತಿಗಳ ನಡುವೆ ನಿಂತು, ಕೂಗಿ ಮಾತಾಡಬೇಕಾಗಿತ್ತು.

ನನ್ನ ಎದುರು ಕೋಣೆಯ ಅಕ್ಕ ಕುಷ್ಟಗಿ ಕಡೆಯವರು. ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೆಲಸ. ಅವರ ಒಬ್ಬಳೇ ಮಗಳು ಆ ಜೂನ್‌ನಲ್ಲಿ ಊರ ಕಡೆಯ ವಸತಿ ಶಾಲೆಯೊಂದಕ್ಕೆ, ಆರನೇ ತರಗತಿಗೆ ಸೇರಿದ್ದಳು. ಅಲ್ಲಿಯ ಪದ್ಧತಿ ಹೀಗಿತ್ತು: ಶನಿವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರು ಸಾಲಾಗಿ ನಿಲ್ಲಬೇಕು, ವಾರ್ಡನ್ ತಮ್ಮ ಫೋನಿನಿಂದ ಒಬ್ಬೊಬ್ಬರ ಮನೆಗೂ ಕರೆ ಮಾಡಿಕೊಡುತ್ತಾರೆ, ಅತ್ತ ಕಡೆಯವರು ಸಿಗದಿದ್ದರೆ ಫೋನು ಹಿಂದಿನವಳ ಕೈಗೆ ಹೋಗುತ್ತದೆ. ತಪ್ಪಿದವಳು ಸಾಲಿನ ಕೊನೆಗೆ ಹೋಗಿ ನಿಲ್ಲಬಹುದು, ಆದರೆ ಅಷ್ಟರಲ್ಲಿ ಊಟದ ಗಂಟೆ ಬಾರಿಸುತ್ತದೆ. ತುರ್ತಿನ ಹೊರತು ಪಾಲಕರು ತಾವಾಗಿ ಕರೆ ಮಾಡುವಂತಿಲ್ಲ.

ಕಾರ್ಖಾನೆಯೊಳಗೆ ಫೋನು ಒಯ್ಯುವಂತಿಲ್ಲ. ಗೇಟಿನ ಲಾಕರಿನಲ್ಲಿಟ್ಟು ಹೋಗಬೇಕು. ಶನಿವಾರ ಪಾಳಿ ಬಿಟ್ಟೊಡನೆ ಅಕ್ಕ ಫೋನು ಹಿಡಿದುಕೊಂಡು ಮನೆಗೆ ಬಂದು, ಚಪ್ಪಲಿ ಸಹ ಬಿಡದೆ ತಾರಸಿ ಹತ್ತುತ್ತಿದ್ದರು. ಒಂದೊಂದು ಸಲ ಫೋನು ಒಮ್ಮೆ ಕೂಗಿ ಸುಮ್ಮನಾಗುತ್ತಿತ್ತು. ಹೆಚ್ಚಿನ ಶನಿವಾರ ಅದೂ ಇಲ್ಲ. ಕೊನೆಗೆ ಅದೇ ಶಾಲೆಯ ಇನ್ನೊಬ್ಬ ಹುಡುಗಿಯ ತಾಯಿಯಿಂದ ಸುದ್ದಿ ಬಂತು: "ನಿನ್ನ ಮಗಳು ಸಾಲಿನ್ಯಾಗ ನಿಂದ್ರೂದ ಬಿಟ್ಟಾಳಂತ. ನಮ್ಮವ್ವ ಎತ್ತಂಗಿಲ್ಲ ಅಂತ ಮೂಲ್ಯಾಗ ಕುಂತಿರ್ತಾಳಂತ."

ಅಕ್ಕ ಅದನ್ನು ನನಗೆ ಹೇಳುವಾಗ ಅಳಲಿಲ್ಲ. ರೊಟ್ಟಿ ಬಡಿಯುತ್ತಲೇ ಇದ್ದರು. "ಸಾಲಿ ಬಿಟ್ಟ ಬರ್ತೀನಿ ಅಂದ್ರ ಏನ್ ಮಾಡ್ಲಿ ತಂಗಿ? ಈ ರೂಮಿನ್ಯಾಗ ಒಬ್ಬಾಕಿನ್ನ ಬಿಟ್ಟು ಡ್ಯೂಟಿಗೆ ಹೋಗಾಕ ಆಗ್ತೈತೇನು?"

ಮರುದಿನ ಚಂದಾಪುರದ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವರು ಪರದೆಯ ಮೇಲೆ ನಕ್ಷೆ ಬಿಚ್ಚಿದರು. ಗೋದಾಮು, ಕೆರೆ, ಕಲ್ಲುಕ್ವಾರಿ, ನಮ್ಮ ವಠಾರ, ಅಕ್ಕನ ಊರು, ಎಲ್ಲವೂ ಒಂದೇ ಬಣ್ಣದಲ್ಲಿ ಅದ್ದಿ ತೆಗೆದಂತಿದ್ದವು.

"ಫುಲ್ ಕವರೇಜ್ ಮೇಡಂ."

"ಕೋಣೆಯ ಒಳಗೆ ಸಿಗದಿದ್ದರೆ?"

"ಸಿಗತ್ತೆ ಮೇಡಂ."

"ಸಿಗದಿದ್ದರೆ ಯಾರನ್ನು ಕೇಳಬೇಕು?"

"ಕಸ್ಟಮರ್ ಕೇರ್‌ಗೆ ಫೋನ್ ಮಾಡಿ."

"ಫೋನ್ ಮಾಡೋದಕ್ಕೆ ನೆಟ್‌ವರ್ಕ್ ಬೇಕಲ್ಲ ಸಾರ್?"

ಅವರು ಒಂದು ಕ್ಷಣ ಯೋಚಿಸಿದರು. "ಪಕ್ಕದ್ಮನೆಯವರ ಫೋನ್‌ನಿಂದ ಮಾಡಿ."

ಅಕ್ಕ ಸೆರಗು ಬಾಯಿಗೆ ಅಡ್ಡವಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಅಂಗಡಿಯವರ ಮೇಲೂ ಸಿಟ್ಟು ಬರಲಿಲ್ಲ. ಆ ನಕ್ಷೆಗೆ ಬಣ್ಣ ತುಂಬಿದವರು ಅವರಲ್ಲ.

ಕಂಪನಿಗಳ ನಕ್ಷೆ ನಂಬದೆ ನಾವೇ ಪರೀಕ್ಷಿಸುವುದೆಂದು ತೀರ್ಮಾನವಾಯಿತು. ಎಲ್ಲರಿಗೂ ಬಿಡುವಿರುವ ಭಾನುವಾರ, ವಠಾರದ ಎಲ್ಲ ಕಂಪನಿಗಳ ಫೋನುಗಳೂ ಅಕ್ಕನ ಒಲೆಕಟ್ಟೆಯ ಮೇಲೆ ಸಾಲಾಗಿ ಬಂದು ಕೂತವು. ಪಕ್ಕದ ಕೋಣೆಯ ಹೆಂಗಸು ತನ್ನ ಗಂಡನ ಫೋನನ್ನು ಎತ್ತಿ ತೋರಿಸಿದಳು: "ನೋಡ್ರಪ್ಪ, ಇದೂ ಅವನ ಹಂಗೇ. ಬೀದೀಲಿ ಚೆನ್ನಾಗಿ ಮಾತಾಡ್ತದೆ, ಮನೆ ಒಳಕ್ಕೆ ಬಂದ್ರೆ ಸತ್ತೋಯ್ತದೆ." ಗಂಡ ಹೊಸ್ತಿಲಲ್ಲೇ ನಿಂತು, "ಒಳಗೆ ಬಂದ್ರೆ ನೀನ್ ಬಿಟ್ರೆ ತಾನೆ ಮಾತಾಡೋದು" ಎಂದ. ಮೂಲೆ ಕೋಣೆಯ ಎಲೆಕ್ಟ್ರಿಷಿಯನ್ ಅಣ್ಣನ ಫೋನಿನಲ್ಲಿ ಮಾತ್ರ ಸಿಗ್ನಲ್ಲಿನ ಎಲ್ಲ ಕಡ್ಡಿಗಳೂ ತುಂಬಿ ನಿಂತಿದ್ದವು. ಅದರಿಂದ ಅಕ್ಕ ಊರಿನಲ್ಲಿದ್ದ ತಂಗಿಗೆ ಕರೆ ಮಾಡಿದರು. ಅತ್ತ ಕೋಳಿ ಕೂಗಿದ್ದೂ ಕೇಳಿಸಿತು. ಆ ತಂಗಿಯದೂ ಅದೇ ಕಂಪನಿ. ಅಂದರೆ ಊರಿನಲ್ಲೂ ಸಿಗುತ್ತದೆ. ಇಷ್ಟು ಸಾಕಾಗಿತ್ತು. ಅಕ್ಕ ತಮ್ಮ ನಂಬರನ್ನು ಆ ಕಂಪನಿಗೆ ಪೋರ್ಟ್ ಮಾಡಿಸಿದರು. ಮತ್ತೊಬ್ಬ ತಾಯಿಯ ಮೂಲಕ ಮಗಳಿಗೆ ಹೇಳಿ ಕಳಿಸಿದರು: ಈ ಶನಿವಾರ ಸಾಲಿಗೆ ನಿಲ್ಲು, ಅವ್ವ ಎತ್ತುತ್ತಾಳೆ.

ಆ ಶನಿವಾರ ಅಕ್ಕ ತಾರಸಿ ಹತ್ತಲಿಲ್ಲ. ಚಪ್ಪಲಿ ಬಿಟ್ಟು, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಕಡ್ಡಿಗಳೆಲ್ಲ ತುಂಬಿದ್ದವು. ಫೋನು ಕೂಗಲಿಲ್ಲ. ಕಾದು ಕಾದು, ಪರೀಕ್ಷೆಗೆಂದು ಪಕ್ಕದಲ್ಲೇ ಇದ್ದ ನನ್ನ ನಂಬರನ್ನು ಒತ್ತಿದರು. ಹೋಗಲಿಲ್ಲ. ಮತ್ತೆ ಒತ್ತಿದರು. ಕತ್ತಲಾದ ಮೇಲೆ ಒಂದು ಸಂದೇಶ ಬಂದು ಬಿತ್ತು: ವಾರ್ಡನ್ ನಂಬರಿನಿಂದ ನಿಮಗೆ ಎರಡು ಕರೆಗಳು ಬಂದಿದ್ದವು. ಅಂದರೆ ಹುಡುಗಿ ಸಾಲಿನ ಕೊನೆಗೂ ಹೋಗಿ ನಿಂತಿದ್ದಳು.

ನಾನು ಹೊರಗೆ ಬಂದು ರಸ್ತೆ ನೋಡಿದೆ. ಕಾರ್ಖಾನೆಗಳು ಬಿಟ್ಟಿದ್ದವು. ಬಸ್ಸಿಗೆ ಕಾಯುವವರು, ಬೈಕಿನ ಮೇಲೆ ಕೂತವರು, ಬೋಂಡದ ಗಾಡಿಗೆ ಮುತ್ತಿದವರು, ಎಲ್ಲರ ಕಿವಿಯಲ್ಲೂ ಫೋನು. ಇಡೀ ದಿನ ಲಾಕರುಗಳಲ್ಲಿ ಬಿದ್ದಿದ್ದ ಸಾವಿರಾರು ಫೋನುಗಳು ಒಂದೇ ಹೊತ್ತಿಗೆ ಎಚ್ಚರಗೊಂಡು ಒಂದೇ ಟವರಿನ ಮುಂದೆ ನೂಕಾಡುತ್ತಿದ್ದವು. ಭಾನುವಾರ ಇದೇ ರಸ್ತೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ನಮಗೆಲ್ಲ ಬಿಡುವಿರುವುದು ಭಾನುವಾರ. ಆದ್ದರಿಂದ ನಾವು ಅಳೆದದ್ದೂ ಭಾನುವಾರ, ಈ ಊರಿಗೆ ಊರೇ ಖಾಲಿಯಿದ್ದಾಗ. ಒಮ್ಮೆ ಪೋರ್ಟ್ ಮಾಡಿಸಿದ ನಂಬರನ್ನು ಮೂರು ತಿಂಗಳು ಮತ್ತೆ ಬದಲಿಸುವಂತೆಯೂ ಇರಲಿಲ್ಲ.

ನಾವು ಅಳೆದದ್ದು ತಪ್ಪಾಯಿತು, ನಿಜ. ಆದರೆ ಅಳೆಯುವ ಕೆಲಸ ನಮ್ಮದಾದದ್ದು ಹೇಗೆ? ಯಾವ ಟವರಿನ ಮೇಲೆ ಯಾವ ಹೊತ್ತಿಗೆ ಎಷ್ಟು ಭಾರ ಬೀಳುತ್ತದೆಂಬುದು ಕಂಪನಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಶನಿವಾರ ಸಂಜೆಯ ಬೊಮ್ಮಸಂದ್ರವನ್ನು ಭಾನುವಾರದ ಬಣ್ಣದಲ್ಲೇ ತೋರಿಸುವುದನ್ನು ನಾನು ಕಣ್ತಪ್ಪೆಂದು ಒಪ್ಪಲಾರೆ. ದೂರು ಕೊಟ್ಟೆ. ಮಂಗಳವಾರ ಬೆಳಗಿನ ಹೊತ್ತು, ಎಲ್ಲರ ಫೋನುಗಳೂ ಲಾಕರಿನಲ್ಲಿ ಮಲಗಿದ್ದಾಗ, ಒಬ್ಬರು ಬಂದು ಅಳೆದು ಹೋದರಂತೆ. "ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ" ಎಂಬ ಸಂದೇಶ ಬಂತು. ಇಂಥ ವಾಕ್ಯಗಳನ್ನು ಕನ್ನಡಕ್ಕೆ ತರುವುದೇ ನನ್ನ ಹೊಟ್ಟೆಪಾಡು. ಪರಿಹರಿಸಿದವರು ಯಾರು, ತೃಪ್ತಿಪಟ್ಟವರು ಯಾರು ಎಂದು ಅವು ಎಂದೂ ಹೇಳುವುದಿಲ್ಲ. ಶನಿವಾರ ಸಂಜೆ ಬಂದು ಅಳೆಯಿರಿ ಎಂದು ಮತ್ತೆ ಬರೆದೆ. "ಶನಿವಾರ ಸಂಜೆ ನಮ್ಮ ಟೀಮ್ ಇರಲ್ಲ ಮೇಡಂ" ಎಂದಿತು ಫೋನಿನಲ್ಲಿ ಒಂದು ದಣಿದ ದನಿ. ಆಕೆಯೂ ಯಾವುದೋ ಪಾಳಿಯಲ್ಲಿ ಕೂತವಳೇ ಇರಬೇಕು.

ಮತ್ತೊಂದು ಶನಿವಾರವೂ ಹಾಗೇ ಕಳೆದ ಮೇಲೆ, ಭಾನುವಾರ ಬೆಳಿಗ್ಗೆ ಅಕ್ಕ ನಿಯಮ ಮುರಿದು ವಾರ್ಡನ್‌ಗೆ ಕರೆ ಮಾಡಿದರು. ಒಂದೇ ಸಲಕ್ಕೆ ಹೋಯಿತು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಶನಿವಾರ ಎತ್ತಂಗಿಲ್ಲ, ಆಮ್ಯಾಲ ನೆಟ್‌ವರ್ಕ್ ಇಲ್ಲ ಅಂತೀರಿ. ಎಲ್ಲಾರೂ ಹಿಂಗ ಹೇಳ್ತೀರಿ ನೋಡ್ರಿ" ಎಂದರು ವಾರ್ಡನ್.

ಅಕ್ಕ ಫೋನನ್ನು ನನ್ನತ್ತ ಚಾಚಿದರು. ನಾನು ಕೇಳಿದೆ: "ಮೇಡಂ, ಹಾಗೆ ಹೇಳುವವರೆಲ್ಲ ಎಲ್ಲಿ ಕೆಲಸ ಮಾಡುತ್ತಾರೆ?"

ಅವರು ಒಂದೊಂದೇ ಹೆಸರು ನೆನಪಿಸಿಕೊಂಡರು. "ಒಬ್ಬಾಕಿ ಪೀಣ್ಯಾದಾಗ... ಈಕಿದು ಬೊಮ್ಮಸಂದ್ರ... ಜಿಗಣಿ ಅಂತ ಒಬ್ಬರು... ಮತ್ತ ಪೀಣ್ಯಾ." ಎಲ್ಲವೂ ಕಾರ್ಖಾನೆಗಳ ಜಾಗ; ಅಲ್ಲಿಗೆ ಅವರೇ ನಿಲ್ಲಿಸಿದರು. ನಾನು ಕಾರ್ಖಾನೆಯ ಗೇಟು, ಲಾಕರು, ಪಾಳಿ ಬಿಡುವ ಹೊತ್ತು ಎಲ್ಲವನ್ನೂ ವಿವರಿಸಿದೆ. "ನಾ ಈ ಹುಡುಗ್ಯಾರಿಗೆ, ನಿಮ್ಮವರಿಗೆ ಪುರುಸೊತ್ತಿಲ್ಲ ಅಂತ ಹೇಳ್ಕೋತ ಬಂದೀನಲ್ರೀ" ಎಂದರು, ಮೆಲ್ಲಗೆ. ಆಮೇಲೆ ದನಿ ಏರಿಸಿ, "ಐತವಾರ ಮುಂಜಾನಿ ಮಾಡಿಸ್ತೀನಿ. ಎಲ್ಲಾರಿಗೂ" ಎಂದರು. ಅವರು ಹುಡುಗಿಯನ್ನು ಕರೆಯಲು ಹೋದದ್ದು ಕೇಳಿಸಿತು, ನಾನು ಫೋನನ್ನು ಅಕ್ಕನಿಗೆ ಮರಳಿಸಿದೆ.

ಹುಡುಗಿ ಫೋನು ತೆಗೆದುಕೊಂಡಳು.

"ನನ್ನವ್ವಾ, ನಾ ಫೋನ್ ಮುಂದ ಇಟ್ಕೊಂಡ ಕುಂತಿದ್ದೆ" ಎಂದರು ಅಕ್ಕ. "ಅದು ಕೂಗಲೇ ಇಲ್ಲ."

"ಎರಡ್ ಸಲ ಮಾಡಿದ್ವಿ."

"ಗೊತ್ತವ್ವಾ. ಎರಡ್ ಸಲ ಮಾಡೀರಿ. ನನಗ ಗೊತ್ತೈತಿ."

ಆಮೇಲೆ ಮಗುವಿನ ದನಿ: "ಹಂಗಾರ ಮುಂದಿನ ಶನಿವಾರ ಮತ್ತ ಮಾಡ್ಲಿ?"

"ಬ್ಯಾಡವ್ವಾ, ಶನಿವಾರ ಬ್ಯಾಡ. ಐತವಾರ ಮಾಡು. ಐತವಾರ ಇಲ್ಲಿ ಯಾರೂ ಇರಂಗಿಲ್ಲ, ನಾ ಒಬ್ಬಾಕಿನ ಇರ್ತೀನಿ."

ಅವರು ಬೆನ್ನು ತಿರುಗಿಸಿ ಗೋಡೆಗೆ ಒರಗಿದರು. ನಾನು ಬಾಗಿಲು ಎಳೆದುಕೊಂಡು ನನ್ನ ಕೋಣೆಗೆ ಬಂದೆ. ಆ ವಠಾರದಲ್ಲಿ ನಾನು ಪೂರ್ತಿ ಕೇಳಿಸಿಕೊಳ್ಳದೆ ಬಿಟ್ಟ ಮೊದಲ ಕರೆ ಅದು. ಕೂತು, ಮುಚ್ಚಿದ್ದ ದೂರನ್ನು ಮತ್ತೆ ತೆರೆದು, ಒಂದು ಪ್ರಶ್ನೆಯನ್ನು ಬರೆದೆ: ಅಳೆಯಲು ಯಾವ ಶನಿವಾರ ಸಂಜೆ ಬರುತ್ತೀರಿ?