ಶವವಾಹನದ ಭಾವನ ಲೈಸೆನ್ಸು

ಭಾವ ಹದಿನೆಂಟು ವರ್ಷದಿಂದ ಆಸ್ಪತ್ರೆಯ ಶವವಾಹನ ಓಡಿಸುತ್ತಿದ್ದಾರೆ. ಮೊನ್ನೆ ಪೊಲೀಸರು ಊದಿಸಿದಾಗ ಸಿಕ್ಕಿಬಿದ್ದರು. ನನಗೆ ಕಾನೂನು ಗೊತ್ತೆಂಬ ಭ್ರಮೆಯಲ್ಲಿ ಅಕ್ಕ ನನ್ನನ್ನೂ ವಕೀಲರ ಹತ್ತಿರ ಕಳಿಸಿದಳು.

"ಹಿಂದೆ ಮಲಗಿದ್ದೋರು ದೂರು ಕೊಟ್ಟಿಲ್ವಲ್ಲ ಸಾರ್," ಎಂದರು ಭಾವ. ನಾನೊಬ್ಬನೇ ನಕ್ಕೆ.

"ಲೈಸೆನ್ಸು ಆರು ತಿಂಗಳು ಅಮಾನತಾಗಬಹುದು," ಎಂದರು ವಕೀಲರು. "ಅಷ್ಟು ದಿನ ಯಾವ ಗಾಡೀನೂ ಓಡಿಸೋ ಹಾಗಿಲ್ಲ. ಮತ್ತೆ ಸಿಕ್ಕಿಬಿದ್ರೆ ಲೈಸೆನ್ಸೂ ಹೋಗುತ್ತೆ, ಕೆಲಸಾನೂ ಹೋಗುತ್ತೆ. ಕುಡಿಯೋದು ಬಿಟ್ಬಿಡಿ."

"ಬಿಟ್ಟು ನೋಡಿದೀನಿ ಸಾರ್. ದೊಡ್ಡೋರಾದ್ರೆ ಹೇಗೋ ಓಡಿಸ್ತೀನಿ. ಹಿಂದೆ ಮಗು ಇದ್ದ ದಿನ, ಕುಡೀದೆ ಸ್ಟೇರಿಂಗ್ ಹಿಡಿಯೋಕೆ ಆಗಲ್ಲ. ಅದಕ್ಕೇನು ಮಾಡ್ಲಿ?"

ವಕೀಲರು ಮೇಜಿನ ಮೇಲಿದ್ದ ಕೋರ್ಟಿನ ನೋಟಿಸನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಮತ್ತೆ ಓದತೊಡಗಿದರು. ಭಾವ ಕಾಯುತ್ತಲೇ ಇದ್ದರು.