ನೀರು ಕುಡಿಯದ ಎರಡು ಬ್ಯಾಟರಿ

ಡೆಲ್ಬರ್ಟ್ ಶ್ರೋಯರ್ ಕಳೆದ ಮಂಗಳವಾರ ಸಂಜೆ ತೀರಿಕೊಂಡ. ಎಂಬತ್ತೊಂದು ವರ್ಷ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಮಿಮೋಸಾ ಬೀದಿಯ ಕೊನೆಯ ತಿರುವಿನಲ್ಲಿ, ಬ್ಯಾಟರಿಯಲ್ಲಿ ಓಡುವ ತನ್ನ ಪುಟ್ಟ ಗಾಲ್ಫ್ ಗಾಡಿಯಲ್ಲಿ ಕೂತ ಹಾಗೆಯೇ ಹೋದ. ಆ ಗಾಡಿಯನ್ನು ಯಾರೋ ಅವನ ಮನೆಗೆ ತಂದು, ಅಭ್ಯಾಸಬಲದಿಂದ ಚಾರ್ಜರಿಗೆ ಸಿಕ್ಕಿಸಿದ್ದಾರೆ. ಅದು ಇನ್ನೂ ಹಾಗೇ ನಿಂತಿದೆ. ಬಿಡಿಸಲು ಯಾರಿಗೂ ಕೈ ಬರುತ್ತಿಲ್ಲ.

ಅವನು ಗಾಲ್ಫ್ ಆಡಿದ್ದನ್ನು ನಿವೃತ್ತರ ಊರಾದ ನಮ್ಮ ಹೆರಾನ್ ಲೇಕಿನಲ್ಲಿ ಯಾರೂ ನೋಡಿಲ್ಲ. ಇಲ್ಲಿ ಮುಕ್ಕಾಲು ಪಾಲು ಮುದುಕರು ಆಡುವುದೇ ಇಲ್ಲ. ಆದರೆ ಗಾಡಿ ಇಲ್ಲದ ಮನೆಯೂ ಇಲ್ಲ. ಅಂಗಡಿಗೆ, ಚರ್ಚಿಗೆ, ಈಜುಕೊಳಕ್ಕೆ, ಹಲ್ಲಿನ ಡಾಕ್ಟರ ಬಳಿಗೆ ಎಲ್ಲ ಅದರಲ್ಲೇ. ಕಾರು ಬಿಟ್ಟವರಿಗಂತೂ ಅದೇ ಕಾಲು. ಒಂದೇ ತೊಡಕು: ಮುಂದೆ ದೀಪ, ಹಿಂದೆ ಕೆಂಪು ದೀಪ, ತಿರುಗುವಾಗ ಹಾಕಲು ಎರಡು ಕಡೆ ಮಿಣುಕು ದೀಪ ಇಲ್ಲದ ಗಾಡಿ ಹೊತ್ತು ಮುಳುಗಿದ ಮೇಲೆ ರಸ್ತೆಗಿಳಿಯುವ ಹಾಗಿಲ್ಲ.

ಅವನ ಎದುರು ಮನೆಯ ಲವಾನ್ ಟೀಸ್‌ಡೇಲ್‌ಗೆ ಇದರ ಬಿಸಿ ಚೆನ್ನಾಗಿ ತಟ್ಟಿತ್ತು. ಮೂವತ್ತು ವರ್ಷ ಬ್ರೆಡ್ ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡಿದವಳು, ಗಂಡನನ್ನು ಕಳೆದುಕೊಂಡು ಇಲ್ಲಿಗೆ ಬಂದಳು. ಊರವರೆಲ್ಲ ಸೇರುವ ಗುರುವಾರದ ಊಟ, ಕುಣಿತ ಎಂದರೆ ಅವಳಿಗೆ ಪ್ರಾಣ. ಚಳಿಗಾಲದಲ್ಲಿ ಐದೂವರೆಗೆಲ್ಲ ಕತ್ತಲು. ಮೊದಲ ವರ್ಷ ಅವಳು ಆಲೂಗಡ್ಡೆ ಸಲಾಡ್ ಮುಗಿಸಿ, ವಾದ್ಯದವರು ತಂತಿ ಬಿಗಿಯುವ ಹೊತ್ತಿಗೆ ಮನೆಗೆ ಓಡಬೇಕಾಗಿತ್ತು.

ಡೆಲ್ಬರ್ಟ್ ಓಹಾಯೋದಲ್ಲಿ ಮೂವತ್ತೆಂಟು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಫ್ಲಾರಿಡಾದ ಈ ಊರಲ್ಲಿ ತಂತಿಗಳೆಲ್ಲ ನೆಲದೊಳಗೆ. "ಹತ್ತೋಕೆ ಒಂದು ಕಂಬಾನೂ ಇಲ್ಲದ ಊರಿಗೆ ಬಂದು ಸಿಕ್ಕಾಕ್ಕೊಂಡೆ" ಎಂದು ಎರಡು ವರ್ಷ ಗೊಣಗಿದ. ಆಮೇಲೆ ಲವಾನಳ ಗಾಡಿಗೆ ದೀಪ ಹಾಕಿಕೊಟ್ಟ. ಅವಳು ಆ ಗುರುವಾರ ಕೊನೆಯ ಹಾಡಿನವರೆಗೂ ಕುಣಿದು, ದೀಪ ಬೆಳಗಿಸಿಕೊಂಡು, ಮದುವೆ ದಿಬ್ಬಣದ ಹಾಗೆ ಮನೆಗೆ ಬಂದಳು. ಮಾರನೆಯ ದಿನದಿಂದ ಡೆಲ್ಬರ್ಟನಿಗೆ ಪುರುಸೊತ್ತಿಲ್ಲ.

ದೀಪ ಹಾಕಿಸಿಕೊಂಡವರು ದೀಪಕ್ಕೇ ನಿಲ್ಲಲಿಲ್ಲ. ಆರ್ಡಿತ್ ಪೋಲ್ಸನ್‌ಗೆ ಕಾಫಿ ಬಿಸಿಯಿಡುವ ತಟ್ಟೆ ಬೇಕಾಯಿತು, ನಾಯಿಗೆ ಒಂದು ಫ್ಯಾನು ಬೇಕಾಯಿತು. ಮೂಲೆಮನೆಯ ಮರ್ಲ್ ಸ್ಟಾಡರ್ಡ್ ರೇಡಿಯೋ ಹಾಕಿಸಿದ, ಗಾಡಿಯ ಹೊಟ್ಟೆಯಡಿ ನೀಲಿ ಬೆಳಕು ಹಾಕಿಸಿದ, ಒತ್ತಿದರೆ ಹಸು ಕೂಗಿದ ಹಾಗೆ ಕೂಗುವ ಹಾರನ್ನನ್ನೂ ಹಾಕಿಸಿದ. ಹೀಗೆ ಮೂವತ್ತೊಂದು ಗಾಡಿ. "ದೀಪದ ಡೆಲ್ಬರ್ಟ್" ಎಂದರೆ ಊರ ಗೇಟಿನ ಕಾವಲುಗಾರನೂ ದಾರಿ ತೋರಿಸುತ್ತಿದ್ದ.

ಅವನ ವಿಧಾನ ಸರಳ. ಗಾಡಿಯ ಸೀಟಿನಡಿ ಆರು ಬ್ಯಾಟರಿ, ಒಂದೊಂದೂ ಆರು ವೋಲ್ಟಿನದು. ದೀಪಕ್ಕೆ ಬೇಕಾದ್ದು ಹನ್ನೆರಡು. ಹಾಗಾಗಿ ಕೈಗೆ ಹತ್ತಿರವಿದ್ದ ಎರಡು ಬ್ಯಾಟರಿಯಿಂದ ತಂತಿ ಎಳೆದುಬಿಡುವುದು. ಎಲ್ಲ ಗಾಡಿಗೂ ಅವೇ ಎರಡು.

ಲವಾನ್ ಪ್ರತಿ ತಿಂಗಳ ಮೊದಲ ಶನಿವಾರ ಬ್ಯಾಟರಿಗೆ ನೀರು ಹಾಕುವಳು, ಯಾವುದಕ್ಕೆ ಎಷ್ಟು ಎಂದು ಬರೆದಿಡುವಳು. ದೀಪ ಹಾಕಿಸಿದ ಎರಡನೆಯ ವರ್ಷ ಅವಳ ಗಾಡಿ ಕೆರೆಯ ಸೇತುವೆ ಏರುವಾಗ ಏದುಸಿರು ಬಿಡತೊಡಗಿತು. ಪಕ್ಕದಲ್ಲಿ ನಡೆಯುತ್ತಿದ್ದ ಬಾತುಕೋಳಿಗಳು ಮುಂದೆ ಹೋದವು. ಅವಳು ತನ್ನ ಬರಹ ತೆರೆದು ನೋಡಿ, ರಸ್ತೆಯಾಚೆಗೆ ಕೂಗಿದಳು.

"ಡೆಲ್ಬರ್ಟ್, ಬಾ ಇಲ್ಲಿ. ಎರಡು ಬ್ಯಾಟರಿ ನೀರೇ ಕುಡೀತಿಲ್ಲ."

"ಯಾವ ಎರಡು?"

"ನೀನು ದೀಪಕ್ಕೆ ಕಟ್ಟಿದ್ದೀಯಲ್ಲ, ಅವೇ. ಮಿಕ್ಕ ನಾಲ್ಕು ಬೇಸಿಗೆ ಎಮ್ಮೆ ಥರ ಕುಡೀತಾವೆ."

"ಹಳೇದಾಗಿರುತ್ತೆ ಮಾರಾಯ್ತಿ."

"ಆರನ್ನೂ ಒಂದೇ ದಿನ ಹಾಕಿದ್ದು. ಎರಡಕ್ಕೆ ಮಾತ್ರ ಹೆಂಗಪ್ಪ ವಯಸ್ಸಾಯ್ತು?"

ಅವನು ಮನೆಗೆ ಹೋದ. ಮರುದಿನ ಮೀಟರು ತಂದು, ಬಣ್ಣದ ಖಾಲಿ ಡಬ್ಬಿಯ ಮೇಲೆ ಕೂತು ಒಂದೊಂದನ್ನೂ ಮುಟ್ಟಿ ನೋಡಿದ. ಆಮೇಲೆ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ.

"ಗಾಡಿ ಎಳೆಯೋಕೆ ಆರೂ ಸೇರ್ತಾವೆ. ದೀಪದ ಕೆಲಸ ಈ ಎರಡರ ತಲೆ ಮೇಲೇ. ಚಾರ್ಜರಿಗೆ ಅದು ಗೊತ್ತಾಗಲ್ಲ, ಎಲ್ಲಕ್ಕೂ ಒಂದೇ ಸಮ ಬಡಿಸುತ್ತೆ. ಇವಕ್ಕೆ ಹೊಟ್ಟೆ ತುಂಬಲ್ಲ, ಅವಕ್ಕೆ ಹೆಚ್ಚಾಗಿ ಕುದಿದು ನೀರು ಆರುತ್ತೆ. ಕಡೆಗೆ ಆರೂ ಹಾಳು. ನಾನು ಮೂವತ್ತೊಂದು ಗಾಡಿಗೆ ಹೀಗೇ ಮಾಡಿದೀನಿ, ಲವಾನ್."

"ಯಾರಿಗೂ ಗೊತ್ತಾಗಲ್ಲ ಬಿಡು. ಬ್ಯಾಟರಿ ಮುದಿಯಾಯ್ತು ಅಂದ್ಕೋತಾರೆ."

"ನಿಂಗೆ ಗೊತ್ತಾಯ್ತಲ್ಲ."

ದಾರಿ ಇತ್ತು. ಅಂಗೈಯಗಲದ ಒಂದು ಪೆಟ್ಟಿಗೆ. ಆರೂ ಬ್ಯಾಟರಿಯಿಂದ ಸಮನಾಗಿ ತೆಗೆದುಕೊಂಡು ಹನ್ನೆರಡಕ್ಕೆ ಇಳಿಸಿಕೊಡುತ್ತದೆ. ಮೂವತ್ತೊಂದು ಗಾಡಿಗೂ ಅದನ್ನು ಹಾಕುವುದಾಗಿ ಹಟ ಹಿಡಿದ. ಆದರೆ ಅವನ ಹೃದಯ ಅರ್ಧ ಕೆಲಸವನ್ನಷ್ಟೇ ಮಾಡುತ್ತಿದೆ, ಬಗ್ಗಿ ಏಳುವ ಕೆಲಸ ಕೂಡದು ಎಂದು ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದರು. ಅದನ್ನು ಹೇಳಿದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಲವಾನೇ. ಬೇಡವೆಂದರೆ ಕದ್ದು ಮಾಡುವ ಜಾತಿ ಎಂದು ಅವಳಿಗೆ ಗೊತ್ತಿತ್ತು.

"ಮಾಡು. ಆದರೆ ನನ್ನದು ಕೊನೆಗೆ" ಎಂದಳು. ಇವನು ಅರ್ಧಕ್ಕೆ ಬಿಟ್ಟು ಹೋಗುವವನಲ್ಲ, ಕೆಲಸ ಇರುವ ತನಕ ಇರುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ಮೊದಲು ತಪ್ಪು ಒಪ್ಪಿಕೊಳ್ಳಬೇಕಲ್ಲ. ಅದೇ ಕಷ್ಟವಾಯಿತು. ಗುರುವಾರದ ಊಟದಲ್ಲಿ ಮೈಕು ಹಿಡಿದು, "ನಿಮ್ಮ ಗಾಡಿಗಳು ನಿಧಾನ ಆಗಿದ್ದು ನನ್ನಿಂದ" ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರ್ಡಿತ್ ನಿಂಬೆ ಕಡುಬಿನ ದೊಡ್ಡ ತುಂಡು ತಂದು ಮುಂದಿಟ್ಟಳು.

"ಬೈಯಿರಿ ಅಂದ್ರೆ ಕಡುಬು ಕೊಡ್ತಾರಲ್ಲ ಇವರು" ಎಂದು ಡೆಲ್ಬರ್ಟ್ ದಾರಿಯುದ್ದಕ್ಕೂ ಸಿಡಿಮಿಡಿಗೊಂಡ.

ಮನೆಮನೆಗೆ ಹೋದರೂ ಅದೇ ಪಾಡು. ಸೀಟು ಎತ್ತಿದ್ದೇ ತಡ, "ಹೆಂಗೂ ಬಿಚ್ಚಿದೀಯಲ್ಲ, ಇನ್ನೊಂದು ದೀಪ ಹಾಕ್ಬಿಡು" ಎನ್ನುವರು. ಆರ್ಡಿತ್, "ತಪ್ಪಾಗಿದ್ರೆ ಆಗ್ಲಿ, ನನ್ನ ಕಾಫಿ ಮಾತ್ರ ಆರಬಾರದು" ಎಂದಳು. ಮರ್ಲ್ ಮೂರು ವಾರ ಗ್ಯಾರೇಜಿನ ಬಾಗಿಲೇ ತೆರೆಯಲಿಲ್ಲ.

"ನಂಗೊತ್ತು ಕಣೋ ನಿನ್ನ ಹುನ್ನಾರ. ಹಸೂನ ತೆಗೆಯೋಕೆ ಬಂದಿದೀಯ."

"ನಿನ್ನ ಹಸು ಯಾರಿಗೆ ಬೇಕೋ ಮುದುಕಪ್ಪ. ಬ್ಯಾಟರಿ ತೋರಿಸು."

ಕಡೆಗೆ ತೋರಿಸಿದ. ವಿಷಯ ತಲೆಗೆ ಹೋದಾಗ ಮರ್ಲ್ ಬೀದಿಯಲ್ಲೇ ನಿಂತು ಕಾಲು ಗಂಟೆ ಬೈದ. "ಮೂವತ್ತೆಂಟು ವರ್ಷ ಕಂಬದ ಮೇಲೆ ಕೂತು ಏನು ಕಲಿತೆಯೋ ನೀನು, ಕಾಗೆ ಜೊತೆ ಹರಟೆ ಹೊಡೀತಿದ್ದೆಯಾ?" ಎಂದ. ಡೆಲ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡ. ಅವತ್ತು ಮನೆಗೆ ಹೋಗುವಾಗ ಅವನು ಸಿಳ್ಳೆ ಹಾಕುತ್ತಿದ್ದುದನ್ನು ಬೀದಿಯವರೆಲ್ಲ ಕೇಳಿದ್ದೇವೆ.

ಹತ್ತನೆಯ ಗಾಡಿಯ ಹೊತ್ತಿಗೆ ಅವನಿಗೆ ಬಗ್ಗಲಾಗಲಿಲ್ಲ. ಅಲ್ಲಿಂದ ಲವಾನ್ ಬಗ್ಗಿದಳು. ಅವನು ಡಬ್ಬಿಯ ಮೇಲೆ ಕೂತು ಹೇಳುವುದು, ಅವಳು ಸೀಟಿನಡಿ ಕೈ ಹಾಕಿ ಬಿಗಿಯುವುದು.

"ಕೆಂಪು ತಂತಿ ಆ ಕೊನೆಗೆ. ಅದಲ್ಲ ತಾಯಿ, ಅದು ನನ್ನ ಶೂಸಿನ ದಾರ."

"ನಿನ್ನ ಕಾಲು ಆಚೆ ಇಟ್ಕೊಂಡ್ರೆ ಎಲ್ಲ ಸರಿಹೋಗುತ್ತೆ."

ಹೀಗೆ ಬೇಸಿಗೆ ಹೋಯಿತು, ಬಿರುಗಾಳಿಯ ತಿಂಗಳುಗಳೂ ಹೋದವು. ಗಾಡಿಗಳು ಸೇತುವೆಯನ್ನು ಸರಾಗವಾಗಿ ಏರತೊಡಗಿದವು. ಡಿಸೆಂಬರಿನಲ್ಲಿ, ಅದೇ ಕಳೆದ ಮಂಗಳವಾರ, ಉಳಿದದ್ದು ಒಂದೇ, ಲವಾನಳದು. ಮುಂದಿನ ವಾರ ಮಾಡೋಣ ಎಂದಳು. ಹೊಟ್ಟೆನೋವು ಎಂದಳು. ಸ್ಕ್ರೂಡ್ರೈವರು ಕಾಣುತ್ತಿಲ್ಲ ಎಂದಳು. ಅದು ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು.

"ನೀನು ಹೀಗೆ ಎಷ್ಟು ದಿನ ಎಳೀತೀಯ, ಲವಾನ್?"

"ಆದಷ್ಟು ದಿನ."

"ಈ ತಪ್ಪು ಶುರುವಾಗಿದ್ದು ನಿನ್ನ ಗಾಡಿಯಿಂದ. ಇದೊಂದನ್ನ ನನ್ನ ಕೈಯಾರೆ ಮಾಡಕ್ಕೆ ಬಿಡು."

ಅವಳು ಜೇಬಿನಿಂದ ತೆಗೆದು ಕೊಟ್ಟಳು. ಅವನು ನೆಲದ ಮೇಲೆ ದಿಂಬು ಹಾಕಿಕೊಂಡು ಮಂಡಿಯೂರಿದ. ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಅವಳು ಟಾರ್ಚು ಹಿಡಿದು ನಿಂತಳು. ಮುಗಿಯುವಾಗ ಐದು ಗಂಟೆ. ಕೋಳಿ ಸ್ಯಾಂಡ್‌ವಿಚ್ ಅರ್ಧ ತಿಂದು, ಮಿಕ್ಕದ್ದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡ.

"ರಸ್ತೆಯಲ್ಲಿ ನೋಡಬೇಕು. ನೀನು ಮುಂದೆ ಹೋಗು, ನಾನು ನನ್ನ ಗಾಡೀಲಿ ಹಿಂದೆ ಬರ್ತೀನಿ. ನಿನ್ನ ಹಿಂದಿನ ದೀಪ ಯಾವುದು ಹತ್ತುತ್ತೋ ಅದನ್ನ ಕೈಯಲ್ಲಿ ತೋರಿಸ್ತೀನಿ, ಕನ್ನಡೀಲಿ ನೋಡ್ಕೋ."

ಕೈಸನ್ನೆಯಿಂದಲೇ ಗಾಡಿ ತಿರುಗಿಸುತ್ತಿದ್ದ ಕಾಲದವರು ಇಬ್ಬರೂ. ಹೊತ್ತು ಮುಳುಗುತ್ತಿತ್ತು. ಮಿಮೋಸಾ ಬೀದಿಯಲ್ಲಿ ಅವಳು ಎಡದ ದೀಪ ಹಾಕಿದಳು. ಕನ್ನಡಿಯಲ್ಲಿ ಡೆಲ್ಬರ್ಟನ ಎಡಗೈ ನೇರ ಹೊರಚಾಚಿತು. ಬಲದ್ದು ಹಾಕಿದಳು. ಅದೇ ಕೈ ಮೊಣಕೈಯಲ್ಲಿ ಮಡಿಚಿ ಮೇಲಕ್ಕೆದ್ದಿತು. ಕೊನೆಯ ತಿರುವಿನ ‘ನಿಲ್ಲಿ’ ಫಲಕದ ಬಳಿ ಅವಳು ಬ್ರೇಕು ಒತ್ತಿ ನಿಂತಳು. ಹಿಂದೆ ಅವನೂ ನಿಂತ. ತನ್ನ ಕೆಂಪು ಬೆಳಕು ಅವನ ಮುಖದ ಮೇಲೆ ಬಿದ್ದಿದ್ದು ಅವಳಿಗೆ ಕಂಡಿತು. ಡೆಲ್ಬರ್ಟ್ ಕೈಯನ್ನು ಕೆಳಕ್ಕಿಳಿಸಿ, ಅಂಗೈ ಹಿಂದಕ್ಕೆ ತಿರುಗಿಸಿ, ನಿಲ್ಲುವ ಸನ್ನೆ ತೋರಿಸಿದ.